ಕಂಪ್ಯೂಟರ್ ಪರದೆಯನ್ನು ‘ಮೇಜು’ ಎಂದೇ ಇನ್ನೂ ಕಲಿಸಬೇಕೇ?

ಪ್ರಶ್ನೆ: ಸಂಜೆ ಮೇಷ್ಟ್ರು, ತೀರ್ಥಹಳ್ಳಿ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಒಂದು ಊರಿನ ಗ್ರಂಥಾಲಯದಲ್ಲಿ, ಕಳೆದ ಮಳೆಗಾಲದಿಂದ ವಾರಕ್ಕೆ ಮೂರು ಸಂಜೆ ಕಂಪ್ಯೂಟರ್ ಪಾಠ ಮಾಡುತ್ತಿದ್ದೇನೆ. ಬರುವವರಲ್ಲಿ ಅಡಿಕೆ ಬೆಳೆಗಾರರು, ಸ್ವಸಹಾಯ ಸಂಘದ ಲೆಕ್ಕ ಬರೆಯುವ ಹೆಂಗಸರು, ಪಿಯುಸಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ಹುಡುಗರು ಇದ್ದಾರೆ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಆದರೆ ಕಂಪ್ಯೂಟರ್ ಮುಂದೆ ಕೂತದ್ದು ಹೆಚ್ಚಿನವರಿಗೆ ಇದೇ ಮೊದಲು.

ನಾನು ಮೂವತ್ತು ವರ್ಷದ ಹಿಂದೆ ಕಲಿತಂತೆಯೇ ಅವರಿಗೂ ಹೇಳಿಕೊಟ್ಟೆ: ಇದು ಡೆಸ್ಕ್‌ಟಾಪ್, ಅಂದರೆ ಮೇಜಿನ ಮೇಲ್ಭಾಗ, ಇವು ಫೋಲ್ಡರುಗಳು, ಇವುಗಳ ಒಳಗೆ ಕಾಗದಗಳಿರುತ್ತವೆ, ಮೂಲೆಯಲ್ಲಿರುವುದು ಕಸದ ಬುಟ್ಟಿ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಮ್ಮ, “ಮೇಷ್ಟ್ರೇ, ನಮ್ಮನೇಲಿ ಮೇಜು ಇರೋದು ಮಿಕ್ಸಿ ಇಡೋಕೆ” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಹೋದ ಮೇಲೆ ಮಾತ್ರ ಆ ಮಾತು ತಲೆಯಿಂದ ಹೋಗಲಿಲ್ಲ.

ಮುಂದಿನ ತಿಂಗಳು ನಡೆದದ್ದು ನಗುವ ವಿಷಯವಾಗಿರಲಿಲ್ಲ. ಅದೇ ಅಮ್ಮ ತಮ್ಮ ಸಂಘದ ಒಂದು ಗೊಬ್ಬರದ ರಸೀದಿಯನ್ನು ಸ್ಕ್ಯಾನ್ ಮಾಡಿ, ಪಕ್ಕದಲ್ಲಿ ಮೊತ್ತ ಬರೆದ ಒಂದು ಹಾಳೆಯನ್ನೂ ತಯಾರಿಸಿದರು. ಎಲ್ಲಿ ಇಡುವುದು ಎಂಬಲ್ಲಿಗೆ ಬಂದಾಗ ಅವರ ಮುಂದೆ ‘ಗೊಬ್ಬರ’, ‘ಸಾಲ’, ‘ಈ ವರ್ಷ’ ಎಂಬ ಮೂರು ಫೋಲ್ಡರುಗಳಿದ್ದವು, ಮೂರೂ ನಾನೇ ಮಾಡಿಸಿದ್ದು. ರಸೀದಿ ಮೂರಕ್ಕೂ ಸೇರಿದ್ದಾದ್ದರಿಂದ ಅವರು ಮೂರರಲ್ಲೂ ಒಂದೊಂದು ಪ್ರತಿ ಇಟ್ಟರು. ಆಮೇಲೆ ಮೊತ್ತದಲ್ಲಿ ತಪ್ಪು ಕಂಡು ‘ಸಾಲ’ದೊಳಗಿನ ಪ್ರತಿಯನ್ನು ತಿದ್ದಿದರು. ವರ್ಷಾಂತ್ಯದ ಲೆಕ್ಕದಲ್ಲಿ ಒಂದು ಕಡೆ 4,350, ಎರಡು ಕಡೆ 4,530 ಎಂದಿತ್ತು. ಯಾವುದು ಸರಿ ಎಂದು ನಿರ್ಧರಿಸಲು ಎರಡು ಸಂಜೆ ಹೋದವು.

ನನ್ನ ಪ್ರಶ್ನೆಗಳು ಎರಡು. ಮೇಜು, ಫೋಲ್ಡರು, ಬುಟ್ಟಿ ಎಂಬ ಈ ಹೋಲಿಕೆಯನ್ನು ಹೊಸಬರಿಗೆ ಇನ್ನೂ ಕಲಿಸುವುದರಲ್ಲಿ ಅರ್ಥವಿದೆಯೇ? ಎರಡನೆಯದು, ಈ ಸಂಘಕ್ಕಾಗಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚಿಕ್ಕದೊಂದು ದಾಖಲೆ ತಂತ್ರಾಂಶ ಬರೆದುಕೊಡಲು ಒಪ್ಪಿದ್ದಾನೆ. ಮೇಜಿನ ಬದಲು ಮಲೆನಾಡಿನ ಮನೆಯನ್ನೇ ಪರದೆಯ ಮೇಲೆ ಬರೆದರೆ ಹೇಗೆ ಎಂದು ನನಗೆ ಅನಿಸುತ್ತಿದೆ: ಹೊಸದಾಗಿ ಬಂದದ್ದು ಜಗಲಿಯಲ್ಲಿ, ನಿತ್ಯ ಬೇಕಾದದ್ದು ನಡುಮನೆಯಲ್ಲಿ, ಹಳೆಯದು ಅಟ್ಟದ ಮೇಲೆ. ತಿಳಿದವರು ಹೇಳಬೇಕು.

ಉತ್ತರ 1: ವರದೆಯ ದಡ, ಸಾಗರ

ಮೇಷ್ಟ್ರೇ, ನಾನು ಹದಿನೈದು ವರ್ಷದಿಂದ ತಂತ್ರಾಂಶಗಳ ಪರದೆ ವಿನ್ಯಾಸ ಮಾಡುತ್ತಿರುವವನು, ಈಗ ಸಾಗರದ ಮನೆಯಿಂದಲೇ ಕೆಲಸ. ನಿಮ್ಮ ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಆ ಪ್ರಯೋಗವನ್ನು ಬಹಳ ದುಡ್ಡು ಸುರಿದು ಆಗಲೇ ಮಾಡಿ ನೋಡಿದ್ದಾರೆ. 1995ರಲ್ಲಿ ಮೈಕ್ರೋಸಾಫ್ಟ್ ‘ಬಾಬ್’ ಎಂಬ ತಂತ್ರಾಂಶ ತಂದಿತು. ಪರದೆ ತೆರೆದರೆ ಒಂದು ಮನೆ, ಅದರಲ್ಲಿ ಕೋಣೆಗಳು, ಕಾಗದ-ಪೆನ್ನಿನ ಚಿತ್ರ ಒತ್ತಿದರೆ ಪತ್ರ ಬರೆಯುವ ತಂತ್ರಾಂಶ, ದಾರಿ ತೋರಿಸಲು ಒಂದು ನಾಯಿ. ಅದು ಒಂದು ವರ್ಷದ ಆಸುಪಾಸಿನಲ್ಲೇ ಕಣ್ಮರೆಯಾಯಿತು. ಅದಕ್ಕೂ ಮುಂಚೆ, 1994ರಲ್ಲಿ, ಜನರಲ್ ಮ್ಯಾಜಿಕ್ ಎಂಬ ಕಂಪನಿಯ ‘ಮ್ಯಾಜಿಕ್ ಕ್ಯಾಪ್’ ತಂತ್ರಾಂಶ ಮೇಜಿನಿಂದ ಎದ್ದು ಹಜಾರಕ್ಕೆ, ಹಜಾರದಿಂದ ಬೀದಿಗೆ ಹೋಗುವಂತೆ ಪರದೆಯನ್ನು ಬರೆದಿತ್ತು, ಅದೂ ನಿಲ್ಲಲಿಲ್ಲ. ನಿಜವಾದ ಮನೆಯಲ್ಲಿ ಅಟ್ಟ ಹತ್ತುವುದು ಅನಿವಾರ್ಯ. ಪರದೆಯ ಮೇಲೂ ಏಣಿ ಹಾಕಿ ಹತ್ತಿಸಿದರೆ ಜನ ಮೊದಲ ದಿನ ಮೆಚ್ಚುತ್ತಾರೆ, ನಾಲ್ಕನೆಯ ದಿನ ಶಪಿಸುತ್ತಾರೆ. ಆದ್ದರಿಂದ ಜಗಲಿ, ಅಟ್ಟಗಳನ್ನು ದಯವಿಟ್ಟು ಬಿಡಿ.

ಇನ್ನು ಮೇಜಿನ ವಿಷಯ. ಅದು ಬಂದದ್ದು ನಮ್ಮ ಊರುಗಳಲ್ಲಿ ನಕಲು ಪ್ರತಿಗೇ ಹೆಸರಾಗಿಬಿಟ್ಟಿರುವ ಆ ಜೆರಾಕ್ಸ್ ಕಂಪನಿಯಿಂದ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಅದರ ಸಂಶೋಧನಾ ಕೇಂದ್ರ 1973ರಲ್ಲಿ ‘ಆಲ್ಟೊ’ ಎಂಬ ಯಂತ್ರವನ್ನು ಕಟ್ಟಿತು. ಆ ಅನುಭವದ ಮೇಲೆ 1981ರಲ್ಲಿ ಮಾರುಕಟ್ಟೆಗೆ ಬಂದ ‘ಸ್ಟಾರ್’ನ ಪರದೆಯಲ್ಲಿ ಕಾಗದ, ಫೋಲ್ಡರು, ಕಡತದ ಕಪಾಟು, ಬರುವ ಟಪಾಲಿನ ತಟ್ಟೆ, ಹೋಗುವ ಟಪಾಲಿನ ತಟ್ಟೆ ಎಲ್ಲವೂ ಚಿತ್ರಗಳಾಗಿ ಇದ್ದವು. 16,000 ಡಾಲರಿಗೂ ಮೀರಿದ ಬೆಲೆಯ ಆ ಯಂತ್ರ ಅಮೆರಿಕದ ದೊಡ್ಡ ಕಚೇರಿಗಳಿಗೆಂದೇ ಮಾಡಿದ್ದು; ಅಲ್ಲಿ ಕೂರುವವರ ಎದುರಿಗೆ ನಿಜವಾಗಿಯೂ ಮೇಜಿತ್ತು, ಮೇಜಿನ ಮೇಲೆ ನಿಜವಾಗಿಯೂ ಆ ತಟ್ಟೆಗಳಿದ್ದವು. ಅಂದರೆ ಆ ಹೋಲಿಕೆ ಹುಟ್ಟಿದ ಜಾಗದಲ್ಲಿ ತೀರಾ ಸಹಜವಾಗಿತ್ತು. ಆಪಲ್‌ನ ‘ಲೀಸಾ’ 1983ರಲ್ಲೂ ‘ಮೆಕಿಂಟಾಷ್’ 1984ರಲ್ಲೂ ಅದನ್ನು ಮುಂದುವರಿಸಿದವು, ವಿಂಡೋಸ್ 95 ಅದನ್ನು ನಮ್ಮ ಮನೆಬಾಗಿಲಿಗೆ ತಂದಿತು. ನಡುವೆ ಹೋಲಿಕೆ ಎಲ್ಲೆಲ್ಲೋ ಹರಿದದ್ದೂ ಉಂಟು. ಮೆಕಿಂಟಾಷ್‌ನಲ್ಲಿ ಫ್ಲಾಪಿಯನ್ನು, ಅಂದರೆ ಬರೆದದ್ದನ್ನು ಉಳಿಸಿಡುತ್ತಿದ್ದ ಚಪ್ಪಟೆ ತಟ್ಟೆಯನ್ನು, ಹೊರತೆಗೆಯಲು ಅದರ ಚಿತ್ರವನ್ನು ಕಸದ ಬುಟ್ಟಿಗೆ ಎಳೆಯುವುದು ರೂಢಿಯಾಗಿತ್ತು. ಬರೆದದ್ದೆಲ್ಲ ಅಳಿಸಿಹೋದೀತೆಂದು ಹೊಸಬರು ಹೆದರುತ್ತಿದ್ದರು.

ಆದರೆ ನಿಮ್ಮ ಗೊಬ್ಬರದ ರಸೀದಿಯ ತೊಂದರೆ ಮೇಜಿನಿಂದ ಬಂದದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಬಂದದ್ದು ‘ಒಂದು ವಸ್ತು ಒಂದೇ ಜಾಗದಲ್ಲಿ’ ಎಂಬ ನಿಯಮದಿಂದ, ಮತ್ತು ಆ ನಿಯಮ ಕಾಗದಕ್ಕೆ ಸೇರಿದ್ದೇ ಹೊರತು ಯಂತ್ರಕ್ಕೆ ಸೇರಿದ್ದಲ್ಲ. ಬೆಲ್ ಪ್ರಯೋಗಾಲಯದಲ್ಲಿ 1969ರಿಂದ ರೂಪುಗೊಂಡ, ಕಂಪ್ಯೂಟರನ್ನು ನಡೆಸುವ ಯುನಿಕ್ಸ್ ವ್ಯವಸ್ಥೆಯನ್ನೇ ನೋಡಿ. ಅದರೊಳಗೆ ಕಡತಕ್ಕೆ (ಫೈಲಿಗೆ) ಇರುವುದು ಒಂದು ಸಂಖ್ಯೆ ಮಾತ್ರ. ನಾವು ಫೋಲ್ಡರು ಎನ್ನುವುದು ಹೆಸರುಗಳನ್ನೂ ಅವುಗಳ ಎದುರಿಗೆ ಆ ಸಂಖ್ಯೆಗಳನ್ನೂ ಬರೆದ ಒಂದು ಪಟ್ಟಿ. ಒಂದೇ ಸಂಖ್ಯೆಯನ್ನು ಮೂರು ಪಟ್ಟಿಗಳಲ್ಲಿ ಬರೆಯಬಹುದು, ಆಗ ಮೂರೂ ಕಡೆ ಕಾಣುವುದು ಪ್ರತಿಗಳಲ್ಲ, ಒಂದೇ ಕಡತ. ಒಂದು ಪಟ್ಟಿಯಿಂದ ಹೆಸರು ಹೊಡೆದರೆ ಕಡತ ಸಾಯುವುದಿಲ್ಲ, ಕೊನೆಯ ಹೆಸರೂ ಹೋದ ಮೇಲಷ್ಟೇ ಅದರ ಜಾಗ ಖಾಲಿಯಾಗುತ್ತದೆ. ಐವತ್ತು ವರ್ಷದಿಂದ ಒಳಗೆ ಹೀಗಿದ್ದರೂ, ಮೇಲೆ ಹೊದಿಸಿದ ರಟ್ಟಿನ ಫೋಲ್ಡರಿನ ಚಿತ್ರ ಅದನ್ನು ಮುಚ್ಚಿಬಿಟ್ಟಿತು. (ಇದನ್ನು ಓದಿ ನಿಮ್ಮ ತರಗತಿಯಲ್ಲಿ ನಾಳೆಯೇ ಪ್ರಯೋಗಕ್ಕೆ ಇಳಿಯಬೇಡಿ, ಕೆಲವು ತಂತ್ರಾಂಶಗಳು ಉಳಿಸುವಾಗ ಹಳೆಯ ಕಡತವನ್ನು ತಿದ್ದದೆ ಹೊಸದನ್ನೇ ಬರೆಯುತ್ತವೆ, ಆಗ ಈ ಕೊಂಡಿ ತುಂಡಾಗುತ್ತದೆ.)

2004ರಲ್ಲಿ ಬಂದ ಜಿಮೇಲ್ ಫೋಲ್ಡರನ್ನು ಬಿಟ್ಟು ಹಣೆಪಟ್ಟಿ ಅಂಟಿಸುವ ದಾರಿ ಹಿಡಿಯಿತು: ಒಂದೇ ಪತ್ರಕ್ಕೆ ‘ಸಾಲ’ ಎಂದೂ ‘ಗೊಬ್ಬರ’ ಎಂದೂ ಎರಡು ಹಣೆಪಟ್ಟಿ. ಇದು ಎಲ್ಲ ಕಡೆ ಗೆದ್ದಿತೆಂದು ಮಾತ್ರ ಹೇಳಲಾರೆ. ಗೂಗಲ್ ಡ್ರೈವ್‌ನಲ್ಲಿ ಒಂದು ಕಡತವನ್ನು ಹಲವು ಫೋಲ್ಡರುಗಳಲ್ಲಿ ಇಡಲು ಮೊದಲು ಸಾಧ್ಯವಿತ್ತು. 2020ರಲ್ಲಿ ಅದನ್ನು ನಿಲ್ಲಿಸಿ, ಒಂದೇ ಜಾಗ, ಉಳಿದ ಕಡೆ ಶಾರ್ಟ್‌ಕಟ್ (ಆ ಜಾಗಕ್ಕೆ ಒಯ್ಯುವ ಗುರುತು) ಎಂಬ ಹಳೆಯ ಕ್ರಮಕ್ಕೆ ಮರಳಿದರು. ಪರದೆಯಲ್ಲಿ ರಟ್ಟಿನ ಫೋಲ್ಡರನ್ನು ತೋರಿಸಿ, ಅದು ರಟ್ಟಿನ ಹಾಗೆ ನಡೆದುಕೊಳ್ಳದಿದ್ದರೆ ಜನರಿಗೆ ಗೊಂದಲವಾಗುವುದು ಸಹಜವೇ.

ಉತ್ತರ 2: ಹಳೇ ಗುಮಾಸ್ತ, ಹೊಸನಗರ

ಮೇಲಿನವರು ತಾಂತ್ರಿಕವಾಗಿ ಚೆನ್ನಾಗಿ ವಿವರಿಸಿದ್ದಾರೆ. ಆದರೆ ‘ಕಚೇರಿಯ ಮೇಜನ್ನು ಹಾಗೆಯೇ ಪರದೆಗೆ ತಂದರು’ ಎಂಬ ಮಾತಿಗೆ ನನ್ನ ಸಣ್ಣ ಆಕ್ಷೇಪವಿದೆ. ಮೂವತ್ತೊಂದು ವರ್ಷ ಕಂದಾಯದ ಕಚೇರಿಗಳಲ್ಲಿ, ಅದರಲ್ಲಿ ಒಂಬತ್ತು ವರ್ಷ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿದವನಾಗಿ ಹೇಳುವುದಾದರೆ, ಪರದೆಗೆ ಬಂದದ್ದು ಕಚೇರಿಯ ಪೀಠೋಪಕರಣ ಮಾತ್ರ, ಕಚೇರಿಯಲ್ಲ.

ಕಚೇರಿಯೊಂದಕ್ಕೆ ಕಾಗದ ಬಂದರೆ ಅದು ನೇರವಾಗಿ ಫೈಲಿನೊಳಗೆ ಹೋಗುವುದಿಲ್ಲ. ಮೊದಲು ಆವಕ ವಹಿಯಲ್ಲಿ ನಮೂದಾಗಬೇಕು: ತಾರೀಖು, ಯಾರಿಂದ, ವಿಷಯವೇನು, ಯಾವ ವಿಷಯ ನಿರ್ವಾಹಕರಿಗೆ ಹೋಯಿತು. ಆಮೇಲೆ ಅದಕ್ಕೆ ಕಡತದ ಸಂಖ್ಯೆ ಬೀಳುತ್ತದೆ, ಉತ್ತರ ಹೋದಾಗ ಜಾವಕ ವಹಿಯಲ್ಲಿ ಇನ್ನೊಂದು ನಮೂದು. ಕಾಗದ ಇರುವುದು ಒಂದೇ ಕಡೆ ನಿಜ, ಆದರೆ ಅದನ್ನು ಹುಡುಕಲು ತಾರೀಖಿನಿಂದ ಒಂದು ದಾರಿ, ಹೆಸರಿನಿಂದ ಒಂದು ದಾರಿ, ಸಂಖ್ಯೆಯಿಂದ ಒಂದು ದಾರಿ ಇತ್ತು. ಮಳೆಗಾಲದಲ್ಲಿ ಕರೆಂಟಿಲ್ಲದ ಆ ಕೋಣೆಯಲ್ಲಿ, ರುಮಾಲಿನಲ್ಲಿ ಕಟ್ಟಿಟ್ಟ ಗಂಟುಗಳ ನಡುವೆ, ಟಾರ್ಚು ಹಿಡಿದು ಅರವತ್ತು ವರ್ಷದ ಹಿಂದಿನ ಒಂದು ಆದೇಶವನ್ನು ಕಾಲು ಗಂಟೆಯಲ್ಲಿ ತೆಗೆದುಕೊಟ್ಟಿದ್ದೇನೆ. ಅದು ನನ್ನ ಜಾಣತನವಲ್ಲ, ವಹಿಗಳ ಉಪಕಾರ. ಕಂಪ್ಯೂಟರಿನವರು ಮೇಜು, ರಟ್ಟು, ಬುಟ್ಟಿಗಳನ್ನು ಚಿತ್ರ ಬಿಡಿಸಿ, ಈ ವಹಿಗಳನ್ನೇ ಬಿಟ್ಟುಬಿಟ್ಟರು.

ಪಾಠ ಮಾಡುವವರಿಗೆ ಉಪಯೋಗವಾಗಬಹುದಾದ ಇನ್ನೊಂದು ಮಾತು. ನಮ್ಮ ಕಚೇರಿಗಳಲ್ಲಿ ಫೈಲು ಎಂದರೆ ದಾರ ಕಟ್ಟಿದ ರಟ್ಟು ಮತ್ತು ಅದರೊಳಗಿನ ಎಲ್ಲ ಹಾಳೆಗಳು: ಒಂದು ಬದಿಗೆ ಟಿಪ್ಪಣಿ, ಇನ್ನೊಂದು ಬದಿಗೆ ಪತ್ರವ್ಯವಹಾರ, ಪ್ರತಿ ಹಾಳೆಗೂ ಪುಟಸಂಖ್ಯೆ. ಕಂಪ್ಯೂಟರಿನಲ್ಲಿ ಫೈಲು ಎಂದರೆ ಒಂದೇ ದಾಖಲೆ, ರಟ್ಟಿಗೆ ಫೋಲ್ಡರು ಎಂದು ಬೇರೆಯೇ ಹೆಸರು. ನಮ್ಮ ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ, “ಫೈಲ್ ತೆರೆಯಿರಿ” ಎಂದು ತರಬೇತಿಯವರು ಹೇಳಿದ ಕೂಡಲೇ ನಾವು ಏಳೆಂಟು ಜನ ಒಟ್ಟಿಗೆ ಫೋಲ್ಡರನ್ನು ಒತ್ತಿ ಬೈಸಿಕೊಂಡೆವು. ತಪ್ಪು ನಮ್ಮದಾಗಿರಲಿಲ್ಲ ಎಂದು ಈಗಲೂ ನನಗೆ ಅನಿಸುತ್ತದೆ. ಮೇಜಿನ ಪರಿಚಯ ಇಲ್ಲದವರಿಗಿಂತ ಚೆನ್ನಾಗಿ ಇದ್ದವರಿಗೇ ಆ ಹೋಲಿಕೆ ಹೆಚ್ಚು ಕಾಟ ಕೊಟ್ಟಿತು.

‘ಕಡತ’ ಎಂಬ ಪದವನ್ನೂ ಒಮ್ಮೆ ನೋಡಿ. ಹಿಂದೆ ಅದು ಕಾಗದವೇ ಅಲ್ಲ. ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪು ಹಲಗೆಯಂತೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ ಅದು. ಶೃಂಗೇರಿ ಮಠದಲ್ಲಿ ಅಂಥ ಹಳೆಯ ಕಡತಗಳಿವೆ. ಬೇಕೆಂದಾಗ ಒರೆಸಿ, ಮತ್ತೆ ಬಳಿದು, ಮತ್ತೆ ಬರೆಯಬಹುದಾದ, ಬಿಡಿಸಿದಷ್ಟೂ ಉದ್ದಕ್ಕೆ ಸಾಗುವ ಆ ವಸ್ತು ಇವತ್ತಿನ ಮೊಬೈಲ್ ಪರದೆಗೆ ರಟ್ಟಿನ ಫೈಲಿಗಿಂತ ಹತ್ತಿರದ ನೆಂಟ ಎಂದು ನನಗೆ ಅನಿಸುವುದುಂಟು. ಇದು ವಿಷಯದಿಂದ ಸ್ವಲ್ಪ ಆಚೆಗೆ ಹೋಯಿತು, ಕ್ಷಮಿಸಿ.

ಕಸದ ಬುಟ್ಟಿಯ ಬಗ್ಗೆ ಒಂದೇ ಮಾತು. ನಮ್ಮಲ್ಲಿ ಕಡತ ‘ವಿಲೇವಾರಿ’ಯಾಯಿತು ಎಂದರೆ ನಾಶವಾಯಿತು ಎಂದಲ್ಲ, ಅದರ ಮೇಲಿನ ಕೆಲಸ ಮುಗಿಯಿತು ಎಂದು. ಮುಗಿದ ಕಡತವನ್ನು ಎಷ್ಟು ವರ್ಷ ಇಡಬೇಕೆಂಬುದರ ಮೇಲೆ ವರ್ಗ ಮಾಡುತ್ತಾರೆ. ಶಾಶ್ವತವಾಗಿ ಇಡಬೇಕಾದದ್ದು ಎ ವರ್ಗ. ಪರದೆಯಲ್ಲಿ ಮಾತ್ರ ಒಂದೋ ಕಣ್ಣೆದುರಿಗೆ ಇರಬೇಕು, ಇಲ್ಲವೇ ಬುಟ್ಟಿಗೆ ಬೀಳಬೇಕು. ಸಂಘದ ಲೆಕ್ಕಕ್ಕೆ ಇದು ಆಗದು.

ಉತ್ತರ 3: ಮಂಡಿ ಲೆಕ್ಕ, ಶಿವಮೊಗ್ಗ

ನಮಸ್ಕಾರ. ಗುಮಾಸ್ತ ರಾಯರು ಹೇಳಿದ್ದನ್ನೇ ಮಂಡಿಯ ಕಡೆಯಿಂದ ಹೇಳುತ್ತೇನೆ. ನಮ್ಮ ತಂದೆಯವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಗಾದಿಯ ಮೇಲೆ ಚಕ್ಕಳಮಕ್ಕಳ ಕೂತು, ಇಳಿಜಾರು ಮುಚ್ಚಳದ ಒಂದು ಮರದ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡರೆ ಅದೇ ಕಚೇರಿ. ಕಾಲು ಇಳಿಬಿಟ್ಟು ಕೂರುವ ಮೇಜು ಅಲ್ಲಿ ಇರಲೇ ಇಲ್ಲ. ಇದ್ದದ್ದು ಎರಡು ಪುಸ್ತಕ: ಕಿರ್ದಿ ಮತ್ತು ಖಾತೆ.

ಬೆಳಗ್ಗೆ ಬಾಗಿಲು ತೆರೆದು ದೀಪ ಹಚ್ಚಿದ ಮೇಲೆ ಕಿರ್ದಿಯಲ್ಲಿ ತಾರೀಖು, ಅದರ ಕೆಳಗೆ ಆರಂಭ ಶಿಲ್ಕು, ಅಂದರೆ ಕೈಯಲ್ಲಿ ಉಳಿದಿರುವ ಹಣ. ಆಮೇಲೆ ದಿನವಿಡೀ ಏನು ನಡೆದರೂ ನಡೆದ ಕ್ರಮದಲ್ಲೇ ಬರೆಯುವುದು, ‘ಇದು ಎಲ್ಲಿಗೆ ಸೇರಿದ್ದು’ ಎಂಬ ಯೋಚನೆ ಆಗ ಬೇಡ. ಸಂಜೆ ದೀಪದ ಕೆಳಗೆ ಅದೇ ನಮೂದುಗಳನ್ನು ಒಬ್ಬೊಬ್ಬ ಬೆಳೆಗಾರರ ಖಾತೆಗೆ ಏರಿಸಿ, ಪಕ್ಕದಲ್ಲಿ ಕಿರ್ದಿಯ ಪುಟಸಂಖ್ಯೆ ಹಾಕುವುದು. ಮಾಲಿನ ಲೆಕ್ಕ ಮತ್ತೆ ಬೇರೆ, ಅಡಿಕೆಯ ಬಗೆಬಗೆಯ ಪ್ರಕಾರ: ರಾಶಿ ಎಷ್ಟು ಚೀಲ, ಬೆಟ್ಟೆ ಎಷ್ಟು, ಸರಕು ಎಷ್ಟು, ಗೊರಬಲು ಎಷ್ಟು. ಹೀಗೆ ಒಂದು ವ್ಯಾಪಾರ ಮೂರು ಕಡೆ ಕಾಣಿಸುತ್ತಿತ್ತು, ಆದರೆ ಮೊತ್ತದ ಬಗ್ಗೆ ಜಗಳ ಬಂದರೆ ಕಿರ್ದಿಯೇ ಕೊನೆಯ ಮಾತು. ಮೇಷ್ಟ್ರ ತರಗತಿಯ ಆ ತಾಯಿಗೆ ಮೂರು ಪ್ರತಿ ಇದ್ದದ್ದು ತೊಂದರೆಯಲ್ಲ, ಅವುಗಳಲ್ಲಿ ಕಿರ್ದಿ ಯಾವುದು ಎಂದು ಗೊತ್ತಾಗದೇ ಹೋದದ್ದು ತೊಂದರೆ.

ಈಗ ನಾನು ಅದೇ ಕೆಲಸವನ್ನು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಮಾಡುತ್ತೇನೆ. ವೋಚರನ್ನು (ವ್ಯವಹಾರದ ಚೀಟಿಯನ್ನು) ಒಮ್ಮೆ ನಮೂದಿಸಿದರೆ ಸಾಕು, ದಿನದ ಪುಸ್ತಕವನ್ನೂ ಖಾತೆಯನ್ನೂ ದಾಸ್ತಾನನ್ನೂ ಅದೇ ತೋರಿಸುತ್ತದೆ. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಬದಲಾಗುತ್ತದೆ. ಅದರಲ್ಲಿ ಮೇಜೂ ಇಲ್ಲ, ಫೋಲ್ಡರೂ ಇಲ್ಲ. ನಮ್ಮ ಮಂಡಿಯ ಹಳಬರು ಮೌಸ್ ಹಿಡಿಯಲು ಬಾರದಿದ್ದರೂ ಅದನ್ನು ವಾರದಲ್ಲಿ ಕಲಿತರು, ಏಕೆಂದರೆ ಅವರಿಗೆ ಕಿರ್ದಿ ಗೊತ್ತಿತ್ತು.

ಉತ್ತರ 4: ವರದೆಯ ದಡ, ಸಾಗರ

ಮಂಡಿಯವರು ಕಿರ್ದಿ ಎಂದದ್ದನ್ನು ಓದಿ ನನಗೆ ಖುಷಿಯಾಯಿತು. 1990ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಗೆಲರ್ನ್‌ಟರ್ ಮತ್ತು ಎರಿಕ್ ಫ್ರೀಮನ್ ‘ಲೈಫ್‌ಸ್ಟ್ರೀಮ್ಸ್’ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಮೇಜನ್ನು ಸಂಪೂರ್ಣವಾಗಿ ಬಿಟ್ಟು, ಎಲ್ಲ ದಾಖಲೆಗಳನ್ನೂ ಬಂದ ಕಾಲದ ಕ್ರಮದಲ್ಲಿ ಒಂದೇ ಹೊಳೆಯಾಗಿ ಹರಿಸುವುದು, ಬೇಕಾದಾಗ ಒಂದು ಪದ ಕೊಟ್ಟು ಆ ಹೊಳೆಯಿಂದ ಸಣ್ಣ ಕವಲನ್ನು ತೆಗೆಯುವುದು ಅವರ ಕ್ರಮ. ಕವಲೇ ಖಾತೆ. ಕಿರ್ದಿಯಲ್ಲಿ ಇಲ್ಲದ ಒಂದು ಸೌಲಭ್ಯವೂ ಅಲ್ಲಿತ್ತು: ಹೊಳೆಗೆ ಮುಂದಿನ ದಿನಗಳೂ ಇದ್ದವು, ನಾಡಿದ್ದು ಮಾಡಬೇಕಾದದ್ದನ್ನು ನಾಡಿದ್ದಿನ ಜಾಗದಲ್ಲೇ ಇಡಬಹುದಿತ್ತು. ಮೊಬೈಲಿನ ಫೋಟೋಗಳು ಇವತ್ತು ತಾರೀಖಿನ ಕ್ರಮದಲ್ಲಿ ಸಿಗುವುದೂ ಇದೇ ಬಗೆ. ನಿಮ್ಮ ತರಗತಿಯವರಿಗೆ ಅದು ಆಗಲೇ ರೂಢಿ.

ಉತ್ತರ 5: ಕೊಪ್ಪದ ಓದುಗ

ಎಲ್ಲರೂ ಮೇಜನ್ನು ಹೊರಗೆ ಎಸೆಯುವ ಉತ್ಸಾಹದಲ್ಲಿರುವಂತೆ ಕಾಣುವುದರಿಂದ ಒಂದು ತಕರಾರು ದಾಖಲಿಸುತ್ತೇನೆ. ಡೆಸ್ಕ್‌ಟಾಪ್ ಎನ್ನುವಾಗ ಇವತ್ತು ಯಾರೂ ಮೇಜನ್ನು ನೆನೆಯುವುದಿಲ್ಲ. ಫ್ಲಾಪಿಯನ್ನು ಕಣ್ಣಲ್ಲೇ ಕಾಣದ ಹುಡುಗರು ಅದರ ಚಿತ್ರ ಒತ್ತಿ ಕಡತ ಉಳಿಸುತ್ತಿಲ್ಲವೇ? ಹೋಲಿಕೆ ಸತ್ತಿರಬಹುದು. ಅದು ಕೊಟ್ಟ ಒಂದು ಅನುಕೂಲ ಸತ್ತಿಲ್ಲ, ಅದೇ ಜಾಗದ ನೆನಪು.

ಥಾಮಸ್ ಮಲೋನ್ ಎಂಬವರು 1983ರಲ್ಲಿ, ಜನ ತಮ್ಮ ನಿಜವಾದ ಮೇಜನ್ನು ಹೇಗೆ ಇಟ್ಟುಕೊಳ್ಳುತ್ತಾರೆ ಎಂದು ಪರಿಶೀಲಿಸಿ ಬರೆದರು. ಕೆಲವರು ಕಡತ ಮಾಡುತ್ತಾರೆ, ಕೆಲವರು ಗುಡ್ಡೆ ಹಾಕುತ್ತಾರೆ. ಗುಡ್ಡೆ ಸೋಮಾರಿತನವಷ್ಟೇ ಅಲ್ಲ, ‘ಇದು ಬಾಕಿ ಇದೆ’ ಎಂದು ನೆನಪಿಸುವ ಉಪಾಯವೂ ಹೌದು ಎಂಬುದು ಅವರು ಕಂಡದ್ದು. 1995ರಲ್ಲಿ ಡೆಬೊರಾ ಬರೋ ಮತ್ತು ಬಾನಿ ನಾರ್ಡಿ ಕಂಪ್ಯೂಟರ್ ಬಳಸುವವರನ್ನು ನೋಡಿದಾಗಲೂ, ಜನ ಪದ ಹಾಕಿ ಹುಡುಕುವುದಕ್ಕಿಂತ ಇಟ್ಟ ಜಾಗಕ್ಕೆ ಹೋಗಿ ತೆಗೆಯುವುದನ್ನೇ ಇಷ್ಟಪಟ್ಟದ್ದು ಕಂಡುಬಂತು. ನಮ್ಮ ಅಜ್ಜಿ ಎಲೆ ಅಡಿಕೆ ತಟ್ಟೆಯನ್ನು ಕತ್ತಲಲ್ಲೂ ಕೈಚಾಚಿ ಎತ್ತಿಕೊಳ್ಳುತ್ತಿದ್ದುದು ಹುಡುಕಿ ಅಲ್ಲ. 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಗುಂಡಿಯನ್ನು ಕಿತ್ತುಹಾಕಿದಾಗ ಎದ್ದ ಗಲಾಟೆ ನೆನಪಿರಬಹುದು, ಮರುವರ್ಷ 8.1ರಲ್ಲಿ ಅದನ್ನು ಅದೇ ಮೂಲೆಗೆ ತಂದು ಕೂರಿಸಬೇಕಾಯಿತು. ಹೊಳೆಯಲ್ಲಿ ಎಲ್ಲವೂ ತೇಲಿಹೋಗುತ್ತಿದ್ದರೆ ಬಾಕಿ ಕೆಲಸ ಯಾರ ಕಣ್ಣಿಗೆ ಬೀಳಬೇಕು? ಕದಲದ ಒಂದು ಜಾಗವನ್ನು ಉಳಿಸಿಕೊಳ್ಳಿ ಎಂಬುದಷ್ಟೇ ನನ್ನ ವಿನಂತಿ.

ಪ್ರಶ್ನೆ ಕೇಳಿದವರಿಂದ: ಸಂಜೆ ಮೇಷ್ಟ್ರು, ತೀರ್ಥಹಳ್ಳಿ

ಎಲ್ಲರಿಗೂ ಕೃತಜ್ಞತೆಗಳು. ಜಗಲಿ, ಅಟ್ಟಗಳನ್ನು ಕೈಬಿಟ್ಟಿದ್ದೇನೆ, ಸ್ವಲ್ಪ ಬೇಸರದಿಂದಲೇ.

ಕಳೆದ ಗುರುವಾರ ತಂತ್ರಾಂಶ ಬರೆಯುವ ಹುಡುಗನೂ ನಾನೂ ನಾಲ್ಕು ಬಿಳಿ ಹಾಳೆಗಳ ಮೇಲೆ ಪೆನ್ಸಿಲಿನಿಂದ ಪರದೆಗಳನ್ನು ಬರೆದು ತರಗತಿಯಲ್ಲಿ ಹರಡಿದೆವು. ಮೊದಲ ಹಾಳೆ ಇವತ್ತಿನ ಕಿರ್ದಿ: ರಸೀದಿಯ ಚಿತ್ರ, ಮೊತ್ತ, ಎರಡು ಪದದ ವಿವರ. ಎರಡನೆಯದು ಖಾತೆಗಳು, ‘ಗೊಬ್ಬರ’ ಒತ್ತಿದರೂ ‘ಸಾಲ’ ಒತ್ತಿದರೂ ಅದೇ ನಮೂದು ಬರುತ್ತದೆ, ತಿದ್ದುವುದು ಕಿರ್ದಿಯಲ್ಲಿ ಮಾತ್ರ. ಕೊಪ್ಪದವರ ಮಾತಿನಂತೆ ಎಲ್ಲ ಹಾಳೆಗಳ ಬಲಬದಿಯಲ್ಲೂ ಕದಲದ ಒಂದು ಪಟ್ಟಿ ಬಿಟ್ಟು ‘ಬಾಕಿ’ ಎಂದು ಹೆಸರಿಟ್ಟೆವು. ಬುಟ್ಟಿ ಇಲ್ಲ, ‘ಹೊಡೆದುಹಾಕು’ ಒತ್ತಿದರೆ ನಮೂದಿನ ಮೇಲೆ ಓದಲು ಬರುವಂತೆ ಗೆರೆ ಬೀಳುತ್ತದೆ. ಮಿಕ್ಸಿಯ ಅಮ್ಮ ಹಾಳೆಯ ಮೇಲೆ ಬೆರಳಿಟ್ಟು ತಮ್ಮ ರಸೀದಿಯನ್ನು ಎರಡೂ ದಾರಿಯಿಂದ ತಲುಪಿದರು, ಯಾರನ್ನೂ ಏನನ್ನೂ ಕೇಳಲಿಲ್ಲ.

ಆಮೇಲೆ ಅವರೇ ಒಂದು ಪ್ರಶ್ನೆ ಎತ್ತಿದರು, ಅದಕ್ಕೆ ನಮ್ಮಿಬ್ಬರ ಬಳಿ ಉತ್ತರವಿರಲಿಲ್ಲ. ರಸೀದಿಯ ಮೇಲಿನ ತಾರೀಖು ಒಂದು, ಅವರು ಮೊಬೈಲಿನಲ್ಲಿ ಫೋಟೋ ತೆಗೆದ ದಿನ ಇನ್ನೊಂದು, ಗ್ರಂಥಾಲಯಕ್ಕೆ ಬಂದು ನಮೂದಿಸುವ ದಿನ ಮತ್ತೊಂದು. ಕಿರ್ದಿಯಲ್ಲಿ ಅದು ಯಾವ ದಿನದ ಪುಟಕ್ಕೆ ಬೀಳಬೇಕು?

ಉತ್ತರ 6: ಮಂಡಿ ಲೆಕ್ಕ, ಶಿವಮೊಗ್ಗ

ಬರೆದ ದಿನದ ಪುಟಕ್ಕೆ. ರಸೀದಿಯ ತಾರೀಖನ್ನು ವಿವರದ ಸಾಲಿನಲ್ಲಿ ‘ಇಂಥ ತಾರೀಖಿನ ರಸೀದಿ ಪ್ರಕಾರ’ ಎಂದು ಸೇರಿಸಿ, ಖಾತೆಯನ್ನು ಮಾತ್ರ ಆ ತಾರೀಖಿನ ಕ್ರಮದಲ್ಲೂ ನೋಡಲು ಬರುವಂತೆ ಮಾಡಿಸಿ. ಹಳೆಯ ಪುಟದ ನಡುವೆ ಹೊಸ ಸಾಲು ತುರುಕಲು ಒಮ್ಮೆ ಬಿಟ್ಟರೆ, ಆ ದಿನದ ಶಿಲ್ಕು ಅವತ್ತು ಎಷ್ಟು ಎಂದು ತೋರಿಸಿತ್ತು ಎಂಬುದನ್ನು ಆಮೇಲೆ ಯಾರೂ ಹೇಳಲಾರರು. ಫೋಟೋ ತೆಗೆದ ದಿನ ಯಾವ ಲೆಕ್ಕಕ್ಕೂ ಬೇಡ.